ಹಳೆಯ ಎಎಂ4 ಬೋರ್ಡಿಗೆ ರೈಜೆನ್ 5 5600: ಯಾರಿಗೆ ಸಾಕು, ಯಾರಿಗೆ ಸಾಲದು

2017ರಿಂದ 2020ರೊಳಗೆ ಗೇಮಿಂಗ್ ಪಿಸಿ ಕಟ್ಟಿಸಿದವರಲ್ಲಿ ಬಹಳ ಜನರ ಕ್ಯಾಬಿನೆಟ್ ಒಳಗೆ ಇರುವುದು ಪ್ರೊಸೆಸರ್ ತಯಾರಿಸುವ ಎಎಂಡಿ ಕಂಪನಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್, ಅಂದರೆ ಮದರ್‌ಬೋರ್ಡ್. ಎ320, ಬಿ350, ಬಿ450, ಇವುಗಳಲ್ಲಿ ಒಂದು. ಅದರ ಮೇಲೆ ರೈಜೆನ್ 5 1600 ಅಥವಾ 2600, ಇಲ್ಲವೇ ರೈಜೆನ್ 3 1200 ಪ್ರೊಸೆಸರ್. ಆಗ ಸಲೀಸಾಗಿ ಓಡುತ್ತಿದ್ದ ಪಿಸಿ ಈಗಿನ ಆಟಗಳಲ್ಲಿ ಏದುಸಿರು ಬಿಡುತ್ತಿದೆ. ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ಬೋರ್ಡ್, ರ‍್ಯಾಮ್, ಪ್ರೊಸೆಸರ್ ಮೂರನ್ನೂ ಬದಲಿಸಿ ಅಂತ. ಬಹುತೇಕರಿಗೆ ಅದು ಬೇಕಿಲ್ಲ. ಅದೇ ಬೋರ್ಡಿನಲ್ಲಿ ರೈಜೆನ್ 5 5600 ಕೂರುತ್ತದೆ. ಹಳೆಯ ರ‍್ಯಾಮ್, ಹಳೆಯ ಎಸ್‌ಎಂಪಿಎಸ್, ಹಳೆಯ ಎಸ್‌ಎಸ್‌ಡಿ ಎಲ್ಲ ಹಾಗೇ ಇರುತ್ತವೆ. ಬದಲಾಗುವುದು ಅಂಗೈಯಲ್ಲಿ ಅಡಗುವ ಒಂದು ಚಿಪ್ ಮಾತ್ರ.

5600 ಮಾರುಕಟ್ಟೆಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ, 199 ಡಾಲರ್ ಬೆಲೆಗೆ. ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ), 3.5ರಿಂದ 4.4 ಗಿಗಾಹರ್ಟ್ಸ್, 32 ಎಂಬಿ ಎಲ್3 ಕ್ಯಾಶೆ (ಚಿಪ್ ಒಳಗಿನ ವೇಗದ ಮೆಮೊರಿ), 65 ವ್ಯಾಟ್. ಇಷ್ಟು ಹಳೆಯ ಚಿಪ್ ಬಗ್ಗೆ ಈಗ ಯಾಕೆ ಬರೆಯಬೇಕು ಅಂದರೆ, ಕಾರಣ ರ‍್ಯಾಮ್ ಬೆಲೆ. ಎಎಂಡಿಯ ಹೊಸ ಎಎಂ5 ಸಾಕೆಟ್‌ಗೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಬಿಟ್ಟರೆ ಬೇರೆ ದಾರಿಯಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ಗಗನಕ್ಕೇರಿತು. ಕ್ರೂಷಿಯಲ್ ಹೆಸರಿನಲ್ಲಿ ನಮಗೆಲ್ಲ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರ್‌ನಲ್ಲಿ ಹೇಳಿತು. ಇಂಥ ಹೊತ್ತಲ್ಲಿ ಕೈಯಲ್ಲಿರುವ 16 ಜಿಬಿ ಡಿಡಿಆರ್4 ಅನ್ನು ಬಿಸಾಡಿ ಡಿಡಿಆರ್5 ಕೊಳ್ಳುವುದು ತುಂಬಾ ದುಬಾರಿಯ ನಿರ್ಧಾರ.

ವೇಗ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1600ರಲ್ಲೂ ಆರು ಕೋರ್, 5600ರಲ್ಲೂ ಆರು ಕೋರ್. ಹಾಗಾಗಿ ಹೆಚ್ಚೇನು ಬದಲಾಗಲಿಕ್ಕಿಲ್ಲ ಅಂತ ಅನಿಸುವುದು ಸಹಜ. ಆದರೆ 1600, 2600 ಚಿಪ್‌ಗಳಲ್ಲಿ ಆ ಆರು ಕೋರ್‌ಗಳು ಮೂರು ಮೂರರ ಎರಡು ಗುಂಪಾಗಿವೆ. ಒಂದೊಂದು ಗುಂಪಿಗೂ 8 ಎಂಬಿ ಎಲ್3 ಕ್ಯಾಶೆ. ಈ ಗುಂಪಿನ ಕೋರ್‌ಗೆ ಆ ಗುಂಪಿನಲ್ಲಿರುವ ಮಾಹಿತಿ ಬೇಕಾದರೆ ನಡುವಿನ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಸಂಪರ್ಕ ದಾಟಿ ಹೋಗಿ ಬರಬೇಕು, ಆ ದಾರಿಯ ವೇಗ ರ‍್ಯಾಮ್ ವೇಗಕ್ಕೆ ಗಂಟು ಬಿದ್ದಿದೆ. ಆಟಗಳಲ್ಲಿ ಒಂದು ಥ್ರೆಡ್ ಇನ್ನೊಂದಕ್ಕಾಗಿ ಕಾಯುವುದು ಹೆಜ್ಜೆಹೆಜ್ಜೆಗೂ ಇರುತ್ತದೆ. ಅದಕ್ಕೇ ಸರಾಸರಿ ಸೆಕೆಂಡಿಗೆ 70 ಫ್ರೇಮ್ (ಚಿತ್ರ) ತೋರಿಸುತ್ತಿದ್ದರೂ ಊರೊಳಗೆ ಗಾಡಿ ಓಡಿಸುವಾಗ, ಗುಂಪು ಜಗಳದಲ್ಲಿ ಆಟ ಗಕ್ಕನೆ ನಿಂತು ಮುಂದೆ ಹೋಗುವುದು. ಝೆನ್ 3 ವಿನ್ಯಾಸದ 5600ರಲ್ಲಿ ಆರೂ ಕೋರ್ ಒಂದೇ ಸೂರಿನಡಿ, ಪೂರ್ತಿ 32 ಎಂಬಿ ಕ್ಯಾಶೆ ಎಲ್ಲರಿಗೂ ಸೇರಿ. ಹಿಂದಿನ ಝೆನ್ 2 ವಿನ್ಯಾಸಕ್ಕಿಂತ ಝೆನ್ 3 ಪ್ರತಿ ಗಡಿಯಾರ ಮಿಡಿತಕ್ಕೆ ಶೇ. 19ರಷ್ಟು ಹೆಚ್ಚು ಕೆಲಸ ಮಾಡುತ್ತದೆ ಎಂದು ಎಎಂಡಿ ಹೇಳಿಕೊಂಡಿತ್ತು, 1600, 2600 ಅದಕ್ಕೂ ಹಿಂದಿನ ತಲೆಮಾರಿನವು. ಸರಾಸರಿ ಫ್ರೇಮ್ ಏರುವುದು ಒಂದು ಲಾಭ. ಫ್ರೇಮ್ ಏಕಾಏಕಿ ಕುಸಿಯುವುದು ನಿಲ್ಲುವುದು ಅದಕ್ಕಿಂತ ದೊಡ್ಡ ಲಾಭ, ಆಡುವ ಕೈಗೆ ತಕ್ಷಣ ಗೊತ್ತಾಗುವುದೂ ಅದೇ.

ಕೊಳ್ಳುವ ಮೊದಲು ತಪ್ಪು ಯಾರದ್ದು ಅಂತ ಪರೀಕ್ಷೆ ಮಾಡಿ. ದಿನಾ ಆಡುವ ಆಟದಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿಕೊಂಡು ಗ್ರಾಫಿಕ್ಸ್ ಕಾರ್ಡಿನ ಬಳಕೆ ನೋಡಿ. ಶೇ. 95ರ ಮೇಲೇ ನಿಂತಿದ್ದರೆ ದಣಿದಿರುವುದು ಕಾರ್ಡ್, ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ. ಶೇ. 60, 70ರಲ್ಲಿ ಓಲಾಡುತ್ತಿದ್ದರೆ ಪ್ರೊಸೆಸರ್ ಕೆಲಸ ಒದಗಿಸಲಾಗದೆ ಕಾರ್ಡನ್ನು ಸುಮ್ಮನೆ ಕೂರಿಸಿದೆ ಎಂದರ್ಥ. ಇನ್ನೂ ಅನುಮಾನವಿದ್ದರೆ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ ನೋಡಿ. ಫ್ರೇಮ್ ಸಂಖ್ಯೆ ಕದಲದಿದ್ದರೆ ಅಡ್ಡಿ ಪ್ರೊಸೆಸರ್‌ನದೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಶೇ. 45 ಅಂತ ಕಂಡರೆ ಮೋಸ ಹೋಗಬೇಡಿ. ಅದು ಹನ್ನೆರಡು ಥ್ರೆಡ್‌ಗಳ ಸರಾಸರಿ. ಆಟದ ಮುಖ್ಯ ಥ್ರೆಡ್ ಒಂದೇ ಒಂದು ಕೋರ್ ಮೇಲೆ ಪೂರ್ತಿ ಭಾರ ಹಾಕಿ ಕೂತಿರುವಾಗಲೂ ಸರಾಸರಿ ಅಷ್ಟೇ ತೋರಿಸುತ್ತದೆ.

ಹೆಸರುಗಳ ಗೊಂದಲ

ಎಎಂಡಿ ಈ ಸಾಲಿನ ಹೆಸರುಗಳನ್ನು ಗ್ರಾಹಕರಿಗೆ ಅರ್ಥವಾಗದ ಹಾಗೆ ಇಟ್ಟಿದೆ, ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. 5500 ಅಂದರೆ 5600ರ ತಮ್ಮ ಅಂದುಕೊಳ್ಳುತ್ತೀರಿ. ಹಾಗಲ್ಲ. 5500 ಹುಟ್ಟಿದ್ದು ಒಳಗೇ ಗ್ರಾಫಿಕ್ಸ್ ಇರುವ ಚಿಪ್‌ಗಳ ಕುಟುಂಬದಲ್ಲಿ, ಗ್ರಾಫಿಕ್ಸ್ ಭಾಗ ಮುಚ್ಚಿ ಮಾರುತ್ತಾರೆ. ಕ್ಯಾಶೆ 16 ಎಂಬಿ, ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಪಿಸಿಐಇ ಸಂಪರ್ಕ ಹಳೆಯ 3.0 ಮಾತ್ರ. 5600ಜಿ ಕೂಡ ಅದೇ ಕುಟುಂಬ, ಅದಕ್ಕೂ 16 ಎಂಬಿ. ಅಕ್ಷರದ ಬಾಲ ಇದ್ದ ಮಾತ್ರಕ್ಕೆ 5600ಜಿ ದೊಡ್ಡದು ಎಂದು ತಿಳಿಯಬೇಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ 5600 ಮೇಲು. 5600ಎಕ್ಸ್ ಇದೆಯಲ್ಲ, ಅದು 4.6 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಎರಡರ ಬೆಲೆ ಹೆಚ್ಚುಕಮ್ಮಿ ಒಂದೇ ಇದ್ದರೆ ಎಕ್ಸ್ ತೊಗೊಳ್ಳಿ, ಸಾವಿರ ರೂಪಾಯಿ ಮೇಲೆ ಕೊಡಬೇಡಿ.

ಇನ್ನೊಂದು ಮಾತು, ಇದರಲ್ಲಿ ಎಡವುವವರು ಬಹಳ. 5600ರ ಒಳಗೆ ಗ್ರಾಫಿಕ್ಸ್ ಇಲ್ಲ. 2200ಜಿ, 3400ಜಿ ಇಟ್ಟುಕೊಂಡು ಬೋರ್ಡಿನ ಎಚ್‌ಡಿಎಂಐಗೇ ಮಾನಿಟರ್ ಹಾಕಿಕೊಂಡವರು 5600 ಕೂರಿಸಿದರೆ ಪರದೆ ಕತ್ತಲೆ. ಚಿಪ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಇದನ್ನು ನೆನಪಿಡಿ.

ಬಯೋಸ್: ಅರ್ಧ ಕೆಲಸ ಇಲ್ಲೇ

ಬಯೋಸ್ ಅಂದರೆ ಪಿಸಿ ಆನ್ ಆದ ಕೂಡಲೇ ಬೋರ್ಡಿನಲ್ಲಿ ಓಡುವ ತಂತ್ರಾಂಶ, ಹೊಸ ಚಿಪ್ ಅನ್ನು ಬೋರ್ಡ್ ಗುರುತಿಸುವುದು ಅದರಿಂದ. ಎಎಂ4 ಇಷ್ಟು ವರ್ಷ ಬಾಳಿದ್ದಕ್ಕೆ ಎಎಂಡಿಯನ್ನು ಹೊಗಳುವವರು ಬಹಳ, ಆ ಹೊಗಳಿಕೆ ಸಲ್ಲತಕ್ಕದ್ದೇ. ಇಂಟೆಲ್ 2017ರಲ್ಲಿ ಎಂಟನೇ ತಲೆಮಾರು ತಂದಾಗ ಪಿನ್‌ಗಳ ಲೆಕ್ಕ ಅದೇ 1151 ಇದ್ದರೂ ಹಿಂದಿನ ಬೋರ್ಡ್‌ಗಳು ಕೆಲಸಕ್ಕೆ ಬಾರದಾದವು. ಆದರೆ ಎಎಂಡಿಯೂ ಸುಲಭವಾಗಿ ಒಪ್ಪಿದ್ದಲ್ಲ ಅನ್ನುವುದನ್ನು ಮರೆಯಬಾರದು. 2020ರ ಮೇ ತಿಂಗಳಲ್ಲಿ ಅದು ಹೇಳಿದ್ದು, ಝೆನ್ 3 ಚಿಪ್‌ಗಳು ಬಿ550, ಎಕ್ಸ್570 ಬೋರ್ಡ್‌ಗಳಲ್ಲಿ ಮಾತ್ರ ನಡೆಯುತ್ತವೆ ಅಂತ. ಬಿ450 ಕೊಂಡವರು ಗಲಾಟೆ ಎಬ್ಬಿಸಿದ ಮೇಲೆ ಅದೇ ತಿಂಗಳಲ್ಲಿ ಮಾತು ಬದಲಿಸಿತು. ಎ320, ಬಿ350 ಸೇರಿದ 300 ಸರಣಿಯ ಬೋರ್ಡ್‌ಗಳಿಗೆ ಅಧಿಕೃತವಾಗಿ ಹೂಂ ಅಂದದ್ದು 2022ರ ಮಾರ್ಚ್‌ನಲ್ಲಿ. ಬಳಕೆದಾರರು ಪಟ್ಟು ಹಿಡಿದದ್ದರ ಫಲವನ್ನು ಇವತ್ತು ನಾವು ಉಣ್ಣುತ್ತಿದ್ದೇವೆ.

ಹಾಗಾಗಿ ಮೊದಲ ಕೆಲಸ ಬೋರ್ಡಿನ ಪೂರ್ತಿ ಹೆಸರು ಪತ್ತೆ ಮಾಡುವುದು. ಸಿಪಿಯು-ಝಡ್ ತಂತ್ರಾಂಶ ತೆರೆದು ಮೇನ್‌ಬೋರ್ಡ್ ಪುಟ ನೋಡಿ, ಅಥವಾ ಕ್ಯಾಬಿನೆಟ್ ಬಾಗಿಲು ತೆಗೆದು ಬೋರ್ಡಿನ ಮೇಲೆ ಅಚ್ಚಾಗಿರುವುದನ್ನು ಓದಿ. ಕೆಲವು ಕಂಪನಿಗಳ ಬೋರ್ಡಿನ ಮೂಲೆಯಲ್ಲಿ ರಿವಿಷನ್ ಸಂಖ್ಯೆ ಇರುತ್ತದೆ, 1.0 ಅಥವಾ 2.0 ಅಂತ. ಹೆಸರು ಒಂದೇ ಆದರೂ ರಿವಿಷನ್ ಬೇರೆಯಾದರೆ ಬಯೋಸ್ ಫೈಲ್ ಬೇರೆ. ಆಮೇಲೆ ಆ ಬೋರ್ಡ್ ಕಂಪನಿಯ ಪುಟದಲ್ಲಿ ಪ್ರೊಸೆಸರ್ ಪಟ್ಟಿ ತೆಗೆದು 5600ರ ಸಾಲಿನಲ್ಲಿ ಯಾವ ಬಯೋಸ್ ಆವೃತ್ತಿ ಬೇಕು ಎಂದು ನೋಡಿ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಚಿಪ್ ಕೊಂಡು ಆಮೇಲೆ ಹುಡುಕುವುದು ಬೇಡ.

ಇಲ್ಲಿ ಮೂರು ಕಡೆ ಕೆಲಸ ಕೆಡುತ್ತದೆ. ಒಂದು, ತೀರಾ ಹಳೆಯ ಬಯೋಸ್‌ನಿಂದ ನೇರವಾಗಿ ಕೊನೆಯದಕ್ಕೆ ಹಾರಲು ಎಲ್ಲ ಬೋರ್ಡೂ ಬಿಡುವುದಿಲ್ಲ. ನಡುವೆ ಒಂದೋ ಎರಡೋ ಆವೃತ್ತಿ ಹಾಕಿಕೊಂಡು ಹೋಗಬೇಕು. ಅದು ಡೌನ್‌ಲೋಡ್ ಪುಟದಲ್ಲಿ ಆ ಆವೃತ್ತಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಯಾರೂ ಓದುವುದಿಲ್ಲ. ಎರಡು, ಹಳೆಯ ಬೋರ್ಡ್‌ಗಳಲ್ಲಿ ಬಯೋಸ್ ಚಿಪ್ ಬರೀ 16 ಎಂಬಿ. ಎಲ್ಲ ತಲೆಮಾರಿನ ಪ್ರೊಸೆಸರ್‌ಗೂ ಅದರಲ್ಲಿ ಜಾಗ ಸಾಲದು, ಹೊಸದನ್ನು ಸೇರಿಸಲು ಹಳೆಯದನ್ನು ಕಿತ್ತಿರುತ್ತಾರೆ. ರೈಜೆನ್‌ಗೂ ಹಿಂದಿನ ಎ ಸರಣಿಯ ಬ್ರಿಸ್ಟಲ್ ರಿಡ್ಜ್ ಚಿಪ್ ಇಟ್ಟುಕೊಂಡವರು ಹೊಸ ಬಯೋಸ್ ಹಾಕಿದ ಮೇಲೆ ಅದೇ ಚಿಪ್‌ನಲ್ಲಿ ಪಿಸಿ ಏಳದೆ ಹೋಗಬಹುದು, ಕೆಲವು ಬೋರ್ಡ್‌ಗಳಲ್ಲಿ ಹಿಂದಿನ ಆವೃತ್ತಿಗೆ ಮರಳಲೂ ಆಗುವುದಿಲ್ಲ. ಮೂರನೆಯದು ಕರೆಂಟು. ಬಯೋಸ್ ಬರೆಯುವ ಮೂರರಿಂದ ಐದು ನಿಮಿಷದಲ್ಲಿ ಕರೆಂಟು ಹೋದರೆ ಬೋರ್ಡ್ ಸತ್ತಂತೆ. ಬೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ, ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. 600 ವಿಎ ಯುಪಿಎಸ್ ಆಟ ಆಡುವಾಗಿನ ಭಾರ ತಾಳದೆ ಇರಬಹುದು, ಆದರೆ ಬಯೋಸ್ ಬರೆಯುವಾಗ ಪಿಸಿ ಎಳೆಯುವ ವಿದ್ಯುತ್ ತೀರಾ ಕಡಿಮೆ, ಅಷ್ಟಕ್ಕೆ ಧಾರಾಳ ಸಾಕು.

ಪೆನ್‌ಡ್ರೈವ್ ಅನ್ನು ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡಿ, ಫೈಲ್ ಹಾಕಿ, ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಒಳಗಿನ ಫ್ಲ್ಯಾಶ್ ಸಾಧನದಿಂದ ಬರೆಯಿರಿ. ವಿಂಡೋಸ್ ಮೇಲೆ ಓಡುವ ಫ್ಲ್ಯಾಶ್ ತಂತ್ರಾಂಶ ಬೇಡ, ನಡುವೆ ವಿಂಡೋಸ್ ಹ್ಯಾಂಗ್ ಆದರೆ ಅದೇ ಕಥೆ. ಬೋರ್ಡಿನ ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದವರು ಅದೃಷ್ಟವಂತರು, ಪ್ರೊಸೆಸರ್ ಇಲ್ಲದೆಯೂ ಬರೆಯಬಹುದು, ಕೆಟ್ಟರೂ ಅದರಿಂದಲೇ ಸರಿಪಡಿಸಬಹುದು. 300 ಸರಣಿಯವರು ಏಜೆಸಾ (ಬಯೋಸ್ ಒಳಗೆ ಎಎಂಡಿ ಕೊಡುವ ಭಾಗ) 1.2.0.7 ಅಥವಾ ಅದಕ್ಕಿಂತ ಹೊಸದನ್ನೇ ಹುಡುಕಿ. 2022ರಲ್ಲಿ ಎಎಂಡಿಯೇ ಒಪ್ಪಿಕೊಂಡ ಒಂದು ತೊಂದರೆ ಇತ್ತು: ಎಫ್‌ಟಿಪಿಎಂ (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಆನ್ ಇದ್ದರೆ ಆಗಾಗ ಒಂದೆರಡು ಸೆಕೆಂಡ್ ಇಡೀ ಪಿಸಿ, ಧ್ವನಿ ಸಮೇತ, ತಡವರಿಸುತ್ತಿತ್ತು. ಅದಕ್ಕೆ ಮದ್ದು ಬಂದದ್ದು ಆ ಆವೃತ್ತಿಯಲ್ಲಿ.

ಚಿಪ್ ಬದಲಿಸುವ ಮೊದಲು ಬಿಟ್‌ಲಾಕರ್ ಕೀಲಿ

ಇದು ಬಹಳ ಮುಖ್ಯ, ಆದ್ದರಿಂದ ಕೂಲರ್ ಬಿಚ್ಚುವ ಮುಂಚೆಯೇ ಹೇಳುತ್ತೇನೆ. ಎಫ್‌ಟಿಪಿಎಂ ಇರುವುದು ಪ್ರೊಸೆಸರ್ ಒಳಗೆ. ಪ್ರೊಸೆಸರ್ ಬದಲಾದರೆ ಅದರೊಳಗಿನ ಗುಟ್ಟೂ ಹೋಗುತ್ತದೆ. ಹೊಸ ಚಿಪ್ ಹಾಕಿ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸೂಚನೆ ಬರುತ್ತದೆ: ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ ಅಳಿಸಿ ಹೊಸದಾಗಿಸಲು ವೈ ಒತ್ತಿ, ಹಾಗೇ ಮುಂದುವರಿಯಲು ಎನ್ ಒತ್ತಿ, ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀಲಿ ಇಲ್ಲದೆ ಪಿಸಿ ಏಳುವುದಿಲ್ಲ. ಕಂಪ್ಯೂಟರ್ ಹಾಳಾಯಿತು ಎಂದು ಗಾಬರಿಯಾಗುವ ಸೂಚನೆ ಇದು, ಆದರೆ ಎಲ್ಲವೂ ಸರಿಯಾಗಿಯೇ ಇದೆ.

ಗಾಬರಿ ಆಗಬಾರದೆಂದರೆ ಹಿಂದಿನ ದಿನವೇ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ. ವಿಂಡೋಸ್ 11 ಹೋಮ್‌ನಲ್ಲಿ ನಿಮಗೆ ತಿಳಿಯದೆಯೇ ಆನ್ ಆಗಿರಬಹುದು. 48 ಅಂಕಿಯ ರಿಕವರಿ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆಮೇಲೆ ರಕ್ಷಣೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅಥವಾ ಪೂರ್ತಿ ಆಫ್ ಮಾಡಿ ಡಿಸ್ಕ್ ಬಿಡಿಸಿಕೊಳ್ಳಲು ಬಿಡಿ. ಇಷ್ಟು ಮುಗಿದಿದ್ದರೆ ಸೂಚನೆ ಬಂದಾಗ ನಿಶ್ಚಿಂತೆಯಿಂದ ವೈ ಒತ್ತಬಹುದು. ವಿಂಡೋಸ್ ಪಿನ್ ಹೊಸದಾಗಿ ಕೇಳುತ್ತದೆ, ಅದಕ್ಕೆ ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಕೂಲರ್ ಕೀಳುವಾಗ

ಎಎಂ4 ಚಿಪ್‌ನ ಹೊಟ್ಟೆಯಡಿ 1331 ಪಿನ್‌ಗಳಿವೆ, ತೀರಾ ತೆಳ್ಳಗಿನವು. ಸಾಕೆಟ್ ಆ ಪಿನ್‌ಗಳನ್ನು ಬದಿಯಿಂದ ಒತ್ತಿ ಹಿಡಿದಿರುತ್ತದೆ, ಮೇಲಿನಿಂದ ತಡೆಯುವ ತಗಡಿನ ಚೌಕಟ್ಟು ಇಲ್ಲ. ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ವರ್ಷಗಟ್ಟಲೆ ಒಣಗಿ ಗೋಂದಿನ ಹಾಗೆ ಕಚ್ಚಿಕೊಂಡಿರುತ್ತದೆ. ಕೂಲರ್ ನೇರವಾಗಿ ಮೇಲೆತ್ತಿದರೆ ಸಾಕೆಟ್‌ನ ಚಿಲಕ ಹಾಕಿದಂತೆಯೇ ಚಿಪ್ ಕೂಡ ಕಿತ್ತು ಬರುತ್ತದೆ, ಹತ್ತಿಪ್ಪತ್ತು ಪಿನ್ ಒಂದೇ ಏಟಿಗೆ ಬಾಗುತ್ತವೆ.

ಇದನ್ನು ತಪ್ಪಿಸಲು ಮೊದಲು ಹತ್ತು ಹದಿನೈದು ನಿಮಿಷ ಯಾವುದಾದರೂ ಆಟ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಪಿಸಿ ಆಫ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಫ್ಯಾನ್ ವೈರ್ ಬಿಡಿಸಿ. ನಾಲ್ಕು ಸ್ಕ್ರೂ ಇದ್ದರೆ ಎದುರುಬದುರು ಮೂಲೆಯವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ನಂತರ ಕೂಲರನ್ನು ಎತ್ತಬೇಡಿ, ಡಬ್ಬಿಯ ಮುಚ್ಚಳ ತಿರುವಿದ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿ. ಮೊದಲು ಕದಲುವುದೇ ಇಲ್ಲ. ನಾಲ್ಕೈದು ಸಲ ಆದ ಮೇಲೆ ಮೆತ್ತಗೆ ಜಾರಿದ ಅನುಭವ ಬೆರಳಿಗೆ ಬರುತ್ತದೆ, ಆಗ ಎತ್ತಿ. ಅಕಸ್ಮಾತ್ ಪಿನ್ ಬಾಗಿದರೆ ಮೊಬೈಲ್ ಟಾರ್ಚ್ ಬೆಳಕಲ್ಲಿ ಸಾಲುಗಳ ಸಮಕ್ಕೆ ಕಣ್ಣಿಟ್ಟು ನೋಡಿ, ಸೊಟ್ಟಗಿರುವುದು ಸಾಲು ತಪ್ಪಿ ಎದ್ದು ಕಾಣುತ್ತದೆ. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಗೆ ಪಿನ್ ತೂರಿಸಿ ನಿಧಾನವಾಗಿ ನೆಟ್ಟಗೆ ಮಾಡಬಹುದು. ಒಂದೇ ಪಿನ್ ಅನ್ನು ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ.

ಹೊಸ ಚಿಪ್‌ನ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ತ್ರಿಕೋನ ಇದೆ, ಸಾಕೆಟ್‌ನ ಒಂದು ಮೂಲೆಯಲ್ಲೂ ಇದೆ. ಎರಡನ್ನೂ ಹೊಂದಿಸಿ ಚಿಪ್ ಇಟ್ಟರೆ ತನ್ನ ತೂಕಕ್ಕೇ ಒಳಗೆ ಕೂರುತ್ತದೆ. ಒತ್ತಬೇಕು ಅನಿಸಿದರೆ ಏನೋ ತಪ್ಪಿದೆ.

5600ರ ಪೆಟ್ಟಿಗೆಯಲ್ಲಿ ರೈಥ್ ಸ್ಟೆಲ್ತ್ ಕೂಲರ್ ಬರುತ್ತದೆ. ಅದನ್ನು ಹಾಕಬೇಕಾದರೆ ಬೋರ್ಡಿನ ಮೇಲಿರುವ ಎರಡು ಕಪ್ಪು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು. ಬಿಚ್ಚಿದ ಕೂಡಲೇ ಬೋರ್ಡಿನ ಹಿಂದಿರುವ ತಗಡು ಕೆಳಗೆ ಬೀಳುತ್ತದೆ, ಆದ್ದರಿಂದ ಹಿಂದಿನಿಂದ ಕೈ ಕೊಟ್ಟು ಹಿಡಿದುಕೊಂಡೇ ಸ್ಕ್ರೂ ತೆಗೆಯಿರಿ. 1600ರ ಜೊತೆ ಬಂದಿದ್ದ ರೈಥ್ ಸ್ಪೈರ್ ಇದ್ದರೆ ಸ್ಟೆಲ್ತ್ ಪೆಟ್ಟಿಗೆಯಲ್ಲೇ ಇರಲಿ, ಸ್ಪೈರ್‌ನ ಅಲ್ಯೂಮಿನಿಯಂ ಗಟ್ಟಿ ಹೆಚ್ಚು ಎತ್ತರ. ಹಳೆಯ ಪೇಸ್ಟ್ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿದರೆ ಸಾಕು. ಸ್ಟೆಲ್ತ್ ಬೆಂಗಳೂರಿನ ಹವೆಗೆ ತಕ್ಕಮಟ್ಟಿಗೆ ನಡೆಯುತ್ತದೆ, ಸದ್ದು ಮಾತ್ರ ಜೋರು. ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್ ಮೇ ಬಿಸಿಲಿಗೆ ಅದನ್ನು ನಂಬಬೇಡಿ. ಹೊರಗೆ 42 ಡಿಗ್ರಿ ಇರುವಾಗ ಎಸಿ ಇಲ್ಲದ ಕೋಣೆಯಲ್ಲಿ ಈ ಚಿಪ್ ತನ್ನ 90 ಡಿಗ್ರಿ ಮಿತಿಯ ಹತ್ತಿರ ಹೋಗಿ ವೇಗ ತಗ್ಗಿಸಿಕೊಳ್ಳಬಹುದು. 120 ಎಂಎಂ ಫ್ಯಾನ್ ಇರುವ ಸಾಧಾರಣ ಟವರ್ ಕೂಲರ್, ಡೀಪ್‌ಕೂಲ್ ಎಜಿ400 ಥರದ್ದು, ಅಲ್ಲಿ ನಿಜಕ್ಕೂ ಬೇಕು. ನೀರಿನ ಕೂಲರ್ ಇದಕ್ಕೆ ದಂಡ.

ಸೆಟ್ಟಿಂಗ್‌ಗಳು

ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಒಂದೆರಡು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ಕಾಯಿರಿ. ಐದು ನಿಮಿಷವಾದರೂ ಏಳದಿದ್ದರೆ ರ‍್ಯಾಮ್ ಕಡ್ಡಿ ತೆಗೆದು ಹಾಕಿ, ಸಿಮಾಸ್ (ಬಯೋಸ್ ಸೆಟ್ಟಿಂಗ್ ಉಳಿಸುವ ಮೆಮೊರಿ) ಅಳಿಸಿ.

ಬಯೋಸ್ ಬರೆದಾಗ ಹಳೆಯ ಸೆಟ್ಟಿಂಗ್‌ಗಳೆಲ್ಲ ಅಳಿಸಿರುತ್ತವೆ. ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಮತ್ತೆ ಆನ್ ಮಾಡದಿದ್ದರೆ ನಿಮ್ಮ 3200ರ ರ‍್ಯಾಮ್ 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ, ಹೊಸ ಚಿಪ್‌ನ ಲಾಭದಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಆಸುಸ್ ಬೋರ್ಡ್‌ಗಳಲ್ಲಿ ಇದರ ಹೆಸರು ಡಿಒಸಿಪಿ. ಎರಡು ಕಡ್ಡಿ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಕಿಂಡಿಯಲ್ಲಿರಲಿ. 2017, 18ರಲ್ಲಿ 3200ರ ರ‍್ಯಾಮ್ ಕೊಂಡು, ಮೊದಲ ತಲೆಮಾರಿನ ರೈಜೆನ್ ಅದನ್ನು ತಾಳದ್ದರಿಂದ 2666ಕ್ಕೆ ಇಳಿಸಿಕೊಂಡವರು ಬಹಳ ಜನ. ಆ ತೊಂದರೆ ರ‍್ಯಾಮಿನದಲ್ಲ, ಹಳೆಯ ಚಿಪ್‌ನ ಮೆಮೊರಿ ಕಂಟ್ರೋಲರ್‌ದು. 5600 ಬಂದ ಮೇಲೆ ಮತ್ತೆ 3200 ಪ್ರಯತ್ನಿಸಿ. ಖರ್ಚಿಲ್ಲದೆ ಸಿಗುವ ವೇಗ ಅದು. ಒಂದೇ 8 ಜಿಬಿ ಕಡ್ಡಿ ಇಟ್ಟುಕೊಂಡವರು ಮಾತ್ರ ಇನ್ನೊಂದು ಕಡ್ಡಿಗೆ ಹಣ ಎತ್ತಿಡಲೇಬೇಕು. 8 ಜಿಬಿ ಇಟ್ಟುಕೊಂಡು 5600 ಹಾಕುವುದು ಹಳೆಯ ಟೈರಿಗೆ ಹೊಸ ಎಂಜಿನ್ ಕೂರಿಸಿದ ಹಾಗೆ.

ಇನ್ನೂ ಸ್ವಲ್ಪ ತಣ್ಣಗೆ ಓಡಿಸಬೇಕೆಂದರೆ ಬಯೋಸ್‌ನ ಪಿಬಿಒ ಸೆಟ್ಟಿಂಗ್ ಒಳಗಿನ, ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗೂ ನೆಗೆಟಿವ್ 15 ಕೊಟ್ಟು ನೋಡಿ. ಆಟದಲ್ಲಿ ಸರಿ ಇದ್ದು, ಸುಮ್ಮನೆ ಡೆಸ್ಕ್‌ಟಾಪ್ ಮುಂದೆ ಕೂತಾಗ ಪಿಸಿ ತಾನಾಗೇ ರೀಸ್ಟಾರ್ಟ್ ಆದರೆ 10ಕ್ಕೆ ತನ್ನಿ. ಕಡಿಮೆ ಭಾರ ಇರುವಾಗಲೇ ಒಂದು ಕೋರ್ ಗರಿಷ್ಠ ವೇಗಕ್ಕೆ ಜಿಗಿಯುತ್ತದೆ, ವೋಲ್ಟೇಜ್ ಸಾಲದಿದ್ದರೆ ಬೀಳುವುದೂ ಆಗಲೇ. ಬರೀ ಸಿನೆಬೆಂಚ್ ಎಂಬ ಭಾರದ ಪರೀಕ್ಷೆ ಓಡಿಸಿ ಸರಿಯಿದೆ ಎಂದು ತೀರ್ಮಾನಿಸಿದವರು ಇಲ್ಲೇ ಏಮಾರುವುದು.

ವಿಂಡೋಸ್ ವಿಷಯದಲ್ಲಿ ಮೈಕ್ರೋಸಾಫ್ಟ್ ನಡೆದುಕೊಂಡ ರೀತಿ ನನಗೆ ಒಪ್ಪಿಗೆಯಿಲ್ಲ. ಚೆನ್ನಾಗಿ ನಡೆಯುತ್ತಿದ್ದ ರೈಜೆನ್ 1000 ಸರಣಿಯನ್ನು ವಿಂಡೋಸ್ 11ರ ಪಟ್ಟಿಯಿಂದ ಹೊರಗಿಟ್ಟು, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಆಟದ ಕಂಪನಿಗಳೂ ಅದೇ ದಾರಿ ಹಿಡಿದಿವೆ. ವ್ಯಾಲೊರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 (ಎಫ್‌ಟಿಪಿಎಂ ಅದರದ್ದೇ ರೂಪ) ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದ ಮಾತ್ರ ಪಿಸಿ ಏಳಲು ಬಿಡುವ ಸೆಟ್ಟಿಂಗ್) ಎರಡನ್ನೂ ಕೇಳುತ್ತದೆ, ಬ್ಯಾಟಲ್‌ಫೀಲ್ಡ್ 6ಕ್ಕೆ ಸೆಕ್ಯೂರ್ ಬೂಟ್ ಇಲ್ಲದೆ ಪ್ರವೇಶವೇ ಇಲ್ಲ. 5600 ಹಾಕಿದರೆ ಪಟ್ಟಿಯ ತೊಂದರೆ ನೀಗುತ್ತದೆ. ಆದರೆ ಹಳೆಯ ಪಿಸಿಗಳಲ್ಲಿ ವಿಂಡೋಸ್ ಡಿಸ್ಕ್ ಎಂಬಿಆರ್ ಎಂಬ ಹಳೆಯ ಮಾದರಿಯಲ್ಲೇ ಇರಬಹುದು, ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಪಿಸಿ ಏಳಿಸುವ ವ್ಯವಸ್ಥೆ) ಆನ್ ಇರಬಹುದು. ಹಾಗೇ ಸಿಎಸ್‌ಎಂ ಆಫ್ ಮಾಡಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ಮುಖ್ಯ ಫೈಲ್‌ಗಳ ಪ್ರತಿ ತೆಗೆದಿಟ್ಟು, ವಿಂಡೋಸ್ ಒಳಗೇ ಇರುವ ಎಂಬಿಆರ್2ಜಿಪಿಟಿ ಸಾಧನದಿಂದ ಪರೀಕ್ಷೆ ಮಾಡಿ, ಡಿಸ್ಕ್ ಅನ್ನು ಹೊಸ ಜಿಪಿಟಿ ಮಾದರಿಗೆ ಬದಲಿಸಿ, ಆಮೇಲೆ ಸಿಎಸ್‌ಎಂ ಆಫ್, ಕೊನೆಗೆ ಸೆಕ್ಯೂರ್ ಬೂಟ್ ಆನ್. ಈ ಕ್ರಮ ತಪ್ಪಬಾರದು.

ಯಾವ ಕಾರ್ಡಿಗೆ ಜೋಡಿ

ಬಿ450 ಮತ್ತು ಅದಕ್ಕೂ ಹಳೆಯ ಬೋರ್ಡ್‌ಗಳಲ್ಲಿ ಚಿಪ್ ಯಾವುದೇ ಇರಲಿ, ಕಾರ್ಡಿಗೆ ಸಿಗುವುದು ಪಿಸಿಐಇ 3.0. ಹದಿನಾರು ಲೇನ್ (ಡೇಟಾ ಹರಿಯುವ ಸಾಲು) ಇರುವ ಆರ್‌ಟಿಎಕ್ಸ್ 3060, ಆರ್‌ಎಕ್ಸ್ 9060 ಎಕ್ಸ್‌ಟಿ ಥರದ ಕಾರ್ಡ್‌ಗಳಿಗೆ ಇದರಿಂದ ಹೇಳಿಕೊಳ್ಳುವ ನಷ್ಟ ಇಲ್ಲ. ಎಂಟೇ ಲೇನ್ ಇರುವ ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಕೂಡ ಸಾಮಾನ್ಯವಾಗಿ ಸರಿಯೇ, ಆದರೆ ಆಟ 8 ಜಿಬಿ ಮೆಮೊರಿ ಮೀರಿದ ಕ್ಷಣ ಇಕ್ಕಟ್ಟಿನ ದಾರಿ ಗೊತ್ತಾಗುತ್ತದೆ. ಟೆಕ್ಸ್‌ಚರ್ ಒಂದು ಹಂತ ಇಳಿಸಿಕೊಳ್ಳಿ. ನಾಲ್ಕೇ ಲೇನ್ ಇರುವ ಆರ್‌ಎಕ್ಸ್ 6500 ಎಕ್ಸ್‌ಟಿ, 6400 ಈ ಬೋರ್ಡ್‌ಗಳಿಗೆ ಬೇಡವೇ ಬೇಡ. ಇಂಟೆಲ್‌ನ ಆರ್ಕ್ ಬಿ580 ಬಗ್ಗೆಯೂ ಹುಷಾರು. ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಬಳಸಲು ಬಿಡುವ ಸೆಟ್ಟಿಂಗ್) ಬೇಕೇ ಬೇಕು, ಜೊತೆಗೆ ಅದರ ಡ್ರೈವರ್ ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕುತ್ತದೆ, 5600ರಲ್ಲೂ ಕೆಲವು ಆಟಗಳಲ್ಲಿ ಹಿಂದೆ ಬೀಳುವುದನ್ನು 2025ರ ಆರಂಭದಲ್ಲಿ ಪರೀಕ್ಷಕರು ತೋರಿಸಿದರು.

5700ಎಕ್ಸ್3ಡಿ, 5800ಎಕ್ಸ್3ಡಿ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಎಂಟು ಕೋರ್, ಮೇಲೆ ಹೆಚ್ಚುವರಿ ಪದರವಾಗಿ ಕೂರಿಸಿದ ಕ್ಯಾಶೆ ಸೇರಿ 96 ಎಂಬಿ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಅಸೆಟೊ ಕೊರ್ಸಾ ಕಾಂಪಿಟಿಜಿಯೋನೆ, ಫ್ಯಾಕ್ಟೋರಿಯೊ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುವವರಿಗೆ ಇವುಗಳ ಮುಂದೆ 5600 ನಿಲ್ಲುವುದಿಲ್ಲ, ಅಂಥವರು ಹಣ ಇದ್ದರೆ ಅದನ್ನೇ ಹುಡುಕಲಿ. ಈಗ ಹೊಸದಾಗಿ ಸಿಗುವುದು ಕಷ್ಟವಾಗಿದೆ, ಹಳೆಯದಕ್ಕೆ ಕೇಳುವ ಬೆಲೆ ಕೈ ಕಚ್ಚುತ್ತದೆ. ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ, 105 ವ್ಯಾಟ್ ಚಿಪ್ ಆದ್ದರಿಂದ ಟವರ್ ಕೂಲರ್ ಖರ್ಚೂ ಸೇರುತ್ತದೆ. ಆರ್‌ಎಕ್ಸ್ 6600 ಇಟ್ಟುಕೊಂಡು ಎಕ್ಸ್3ಡಿ ಕೊಳ್ಳುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಆ ವ್ಯತ್ಯಾಸದ ಹಣವನ್ನು ಕಾರ್ಡಿಗೆ ಹಾಕಿದರೆ 1080ರಿಂದ 1440ಕ್ಕೆ ಹೋಗಬಹುದು. ವಿಡಿಯೊ ಎಡಿಟಿಂಗ್, ರೆಂಡರಿಂಗ್ ಮುಖ್ಯವಾದವರಿಗೆ ಎಕ್ಸ್3ಡಿಗಿಂತ ಸಾದಾ 5700ಎಕ್ಸ್ ಒಳ್ಳೆಯದು, ಎಂಟು ಕೋರ್, ವೇಗವೂ ಹೆಚ್ಚು, 65 ವ್ಯಾಟ್.

5600 ಬೇಡದವರೂ ಇದ್ದಾರೆ. ರೈಜೆನ್ 5 3600 ಇದ್ದು 60 ಹರ್ಟ್ಸ್ ಮಾನಿಟರ್‌ನಲ್ಲಿ ಆಡುವವರಿಗೆ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಡಿಮೆ. 4ಕೆಯಲ್ಲಿ ಆಡುವವರಿಗೆ ಭಾರವೆಲ್ಲ ಕಾರ್ಡ್ ಮೇಲೆಯೇ. ಬೋರ್ಡ್ ಹಾಳಾಗಿ ಹೊಸದಾಗಿ ಎಲ್ಲ ಕೊಳ್ಳುವವರು ಈಗ ಎಎಂ4ಕ್ಕೆ ಹೊಸ ಬೋರ್ಡ್ ಹಾಕಬಾರದು, ಮುಂದಕ್ಕೆ ದಾರಿಯಿರುವ ಎಎಂ5ಕ್ಕೇ ಹೋಗಬೇಕು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳುವುದಾದರೆ ಬಾಕ್ಸ್ ಪೀಸ್ ಬೇಕು ಅಂತ ಮೊದಲೇ ಹೇಳಿ. ಟ್ರೇ ಪೀಸ್ ಅಂತ ಕೊಡುವ ಬಿಡಿ ಚಿಪ್‌ಗೆ ಕೂಲರ್ ಇರುವುದಿಲ್ಲ, ಬಾಕ್ಸ್‌ಗೆ ಎಎಂಡಿ ಕೊಡುವ ಮೂರು ವರ್ಷದ ವಾರಂಟಿಯೂ ಇರುವುದಿಲ್ಲ, ಅಂಗಡಿಯವರ ಮಾತೇ ವಾರಂಟಿ. ಪೆಟ್ಟಿಗೆಯ ಬದಿಯ ಕಿಂಡಿಯಲ್ಲಿ ಚಿಪ್‌ನ ತಲೆ ಕಾಣುತ್ತದೆ. ಅದರ ಮೇಲೆ 5600 ಅಂತಲೇ ಇದೆಯೇ, 5500 ಇದೆಯೇ, ಕೊನೆಯಲ್ಲಿ ಜಿ ಇದೆಯೇ, ಅಲ್ಲೇ ಬೆಳಕಿಗೆ ಹಿಡಿದು ಓದಿ. ಸೀಲ್ ಹರಿದು ಮತ್ತೆ ಅಂಟಿಸಿದಂತಿದ್ದರೆ ಬೇರೆ ಪೀಸ್ ಕೇಳಿ. ನಾಲ್ಕಾರು ಅಂಗಡಿಯಲ್ಲಿ ಬೆಲೆ ವಿಚಾರಿಸುವಾಗ ಶೇ. 18ರ ಜಿಎಸ್‌ಟಿ ಸೇರಿಸಿಯೇ ಹೇಳುತ್ತಿದ್ದಾರಾ ಎಂದು ಕೇಳಿಕೊಳ್ಳಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಹಳೆಯ 1600, 2600 ಅನ್ನು ಅಲ್ಲೇ ಕೊಟ್ಟು ಬೆಲೆ ಇಳಿಸಿಕೊಳ್ಳುವ ಆಸೆ ಬರುತ್ತದೆ, ತಡೆಯಿರಿ. ಹೊಸ ಚಿಪ್ ಬಂದ ಪ್ಲಾಸ್ಟಿಕ್ ಚಿಪ್ಪಿನೊಳಗೆ, ಪಿನ್ ಬಾಗದ ಹಾಗೆ, ಹಳೆಯದನ್ನು ಒಂದೆರಡು ವಾರ ಇಟ್ಟುಕೊಳ್ಳಿ. ಪಿಸಿ ಏಳದೆ ಹೋದರೆ ದೋಷ ಬಯೋಸ್‌ದೋ, ಬೋರ್ಡಿನದೋ, ಹೊಸ ಚಿಪ್‌ನದೋ ಎಂದು ಪತ್ತೆ ಹಚ್ಚಲು ಮನೆಯಲ್ಲಿ ಇರುವ ಸಾಧನ ಅದೊಂದೇ.